ನೀರಿನ ಬಾಯಿಗೆ ಕಟ್ಟಿದ ಗಂಟು

ನನಗೆ ಸಿಟ್ಟು ಬೇಗ. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಗಂಡ ಹೇಳುತ್ತಾರೆ. ಗಂಗಾವತಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ನನ್ನದು. ಸೂಜಿ ಕಾಣುವ ಮುಂಚೆಯೇ ನರಳುವ ಮೀಸೆಯವರ ಮೇಲೆ, ಸಲೈನ್ ಹಚ್ಚಿದ ರೋಗಿಯ ಮಂಚದ ತುದಿಗೇ ಕೂತು ಒಗ್ಗರಣಿ-ಮಿರ್ಚಿ ತಿನ್ನುವ ಬೀಗರ ಮೇಲೆ ದಿನಕ್ಕೊಮ್ಮೆಯಾದರೂ ರೇಗುತ್ತೇನೆ, ಆಮೇಲೆ ಮರೆಯುತ್ತೇನೆ. ಆದರೆ ವಾರಗಟ್ಟಲೆ, ಉಣ್ಣುವ ಅನ್ನ ರುಚಿ ಹತ್ತದಷ್ಟು ಸಿಟ್ಟು ಮಾಡಿಕೊಂಡದ್ದು ಯಾವ ಮನುಷ್ಯರ ಮೇಲೂ ಅಲ್ಲ. ಒಂದು ಪಾಚಿಯ ಮೇಲೆ.

ಪಾಚಿ ಹುಟ್ಟಿದ್ದು ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ. ನನ್ನ ಗಂಡ ಎಲೆಕ್ಟ್ರಿಷಿಯನ್, ಅಕ್ಕಿ ಗಿರಣಿಗಳ ವೈರಿಂಗ್ ನೋಡಿಕೊಳ್ಳುತ್ತಾರೆ. ಗಿರಣಿಯ ಮಾಲೀಕರೊಬ್ಬರು ಹೊಸ ಮನೆಯ ಹಾಲ್‌ನಲ್ಲಿ ಸಮುದ್ರದ ನೀರಿನ ತೊಟ್ಟಿ ಇಡಿಸಿದ್ದರು. ಹುರುಪು ಇಳಿದ ಮೇಲೆ ಅದು ಅವರಿಗೆ ಬೇಡವಾಯಿತು, ಒಯ್ಯುವುದಾದರೆ ಒಯ್ಯಿ ಅಂದರು. ತೌಡಿನ ಚೀಲ ಹೇರುವ ಟೆಂಪೋದಲ್ಲಿ ಸಮುದ್ರ ನಮ್ಮ ಮನೆಗೆ ಬಂತು. ಸಮುದ್ರ ಅಂದರೆ ಏನು, ಶುದ್ಧ ಮಾಡಿದ ನೀರಿಗೆ ಪಾಕೀಟಿನ ಉಪ್ಪು ಕಲಸಿದ್ದು. ಸುತ್ತ ನೋಡಿದರೆ ಕಾಲುವೆ, ಆಚೆ ಸಾಣಾಪುರದ ಕೆರೆ, ಎಲ್ಲವೂ ಸಿಹಿನೀರು. ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು ನೋಡಿ, ನಾವು ಬೋರಿನಾಗ ಉಪ್ಪುನೀರು ಬಿತ್ತಂತ ಅಳತೀವಿ, ನೀವು ರೊಕ್ಕ ಕೊಟ್ಟು ಸಿಹಿನೀರು ಕೆಡಸಾಕತ್ತೀರಿ ಎಂದು ನಕ್ಕು ಹೋದರು.

ತೊಟ್ಟಿ ಗಂಡ ತಂದದ್ದಾದರೂ ಅದಕ್ಕೆ ಸೋತವಳು ನಾನು. ಅದರಲ್ಲಿ ಎರಡು ಕಿತ್ತಳೆ ಬಣ್ಣದ ಮೀನು, ಗಾಜು ನೆಕ್ಕಿಕೊಂಡು ತಿರುಗುವ ನಾಲ್ಕಾರು ಶಂಖದ ಹುಳು, ಮತ್ತು ಒಂದು ಕಲ್ಲಿನ ಮೇಲೆ ಹವಳ. ಸರ ಮಾಡುವ ಗಟ್ಟಿ ಹವಳವಲ್ಲ. ಮೈ ಮೆತ್ತಗಿರುವ ಜಾತಿ, ತೊಟ್ಟಿಯಲ್ಲೇ ತುಂಡಿನಿಂದ ತುಂಡು ಬೆಳೆಸಿದ್ದು. ಒಂದೊಂದೂ ಅಂಗಿಯ ಗುಂಡಿಯಷ್ಟು. ಬೆಳಕು ಬಿದ್ದಾಗ ಅರಳುತ್ತದೆ, ಮುಟ್ಟಿದರೆ ಮುದುಡುತ್ತದೆ. ಅಂಚಿಗೆ ಎಳೆಯ ಭತ್ತದ ಸಸಿಯ ಹಸಿರು, ನಡುವೆ ಕೆಂಡದಂಥ ಕೆಂಪು. ನೋಡಲು ಹೂವಾದರೂ ಜೀವ ಪ್ರಾಣಿಯದು, ಲೋಳೆ ಮಾತ್ರ ವಿಷ. ಗಾಯಕ್ಕೋ ಕಣ್ಣಿಗೋ ತಾಕಿದರೆ ಕೆಟ್ಟಿತು ಎಂದು, ಇಂಥ ತೊಟ್ಟಿಯ ಸಾಮಾನು ಮಾರುವ ಹೈದರಾಬಾದಿನ ಅಂಗಡಿಯವರು ಫೋನಿನಲ್ಲಿ ಮೊದಲೇ ಎಚ್ಚರಿಸಿದ್ದರು. ಹಾಗಾಗಿ ಕೈಗವಸಿಲ್ಲದೆ ನಾನು ಆ ಕಲ್ಲನ್ನು ಮುಟ್ಟುತ್ತಿರಲಿಲ್ಲ.

ಅದೇ ಹೊತ್ತಿಗೆ ಮಾವನವರು ನಮ್ಮ ಮನೆಗೆ ಬಂದರು. ಶ್ರೀರಾಮನಗರದ ಕಡೆಯ ಹಳ್ಳಿ ಅವರದು. ಬಹುಕಾಲ ಬೇರೆಯವರ ಗದ್ದೆಯಲ್ಲಿ ದುಡಿದು, ಆಮೇಲೆ ಗದ್ದೆಯನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡು ಭತ್ತ ಬೆಳೆದವರು. ಎರಡೂ ಕಣ್ಣಿಗೆ ಪೊರೆ ಬಂದು, ಬದುವಿನ ಮೇಲೆ ನಡೆಯುತ್ತಿದ್ದೇನೆಂದು ನೀರಿಗೆ ಕಾಲಿಟ್ಟು ಬಿದ್ದಿದ್ದರು. ಕೊಪ್ಪಳದಲ್ಲಿ ಆಪರೇಷನ್ ಮಾಡಿಸಬೇಕಿತ್ತು. ಮೊದಲು ಒಂದು ಕಣ್ಣು, ಅದು ಸರಿಯಾದ ಮೇಲೆ ಇನ್ನೊಂದು. ಆದರೆ ಅವರಿಗೆ ವಿಪರೀತ ಹೆದರಿಕೆ. ಓಣಿಯಲ್ಲಿ ಯಾರಿಗೋ ಆಪರೇಷನ್ ಆಗಿ ಇದ್ದ ಕಣ್ಣೂ ಹೋಗಿತ್ತಂತೆ. ಒಮ್ಮೆ ಆಸ್ಪತ್ರೆಯ ಗೇಟಿನವರೆಗೂ ಹೋಗಿ, ಚಹಾ ಕುಡಿದು ಬರುತ್ತೇನೆಂದು ಹೇಳಿ, ಬಸ್ ಹತ್ತಿ ಊರು ಸೇರಿದ್ದರು.

ನಮ್ಮ ಕಡೆ ಹಳೆಯ ಮಂದಿಯಲ್ಲಿ ಮಾವ ಸೊಸೆಯ ಜೊತೆ ನೇರ ಮಾತಾಡುವುದಿಲ್ಲ. ಹೇಳುವುದಿದ್ದರೆ ಮಗನ ಮುಂದೆ ಹೇಳುತ್ತಾರೆ, ಮಗ ಇಲ್ಲದಿದ್ದರೆ ಗೋಡೆಗೆ. ನಮ್ಮ ಮಾವನವರು ಇದನ್ನು ಚಾಚೂ ತಪ್ಪದೆ ನಡೆಸಿಕೊಂಡು ಬಂದವರು. ನೀರು ಬೇಕಾದರೆ, ಚರಿಗಿ ಖಾಲಿ ಆದಂಗೈತಿ ಎಂದು ಬಾಗಿಲಿಗೆ ತಿಳಿಸುತ್ತಿದ್ದರು. ಸಾರು ಉಪ್ಪಾದರೆ ತಟ್ಟೆಗೆ ಹೇಳುತ್ತಿದ್ದರು. ನಾನು ಆಸ್ಪತ್ರೆಯಲ್ಲಿ ಹಗಲೆಲ್ಲ ಗಂಡಸರಿಗೆ ಗದರುವವಳು, ನನಗೆ ಈ ಗೋಡೆಯ ಸಂಸಾರದಿಂದ ತಲೆಕೆಟ್ಟು ಹೋಗುತ್ತಿತ್ತು. ನಾನು ಅವರಿಗೆ ನೇರವಾಗಿಯೇ ಹೇಳುತ್ತಿದ್ದೆ, ಅವರು ಉತ್ತರವನ್ನು ಕಂಬಕ್ಕೆ ಕೊಡುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ನನ್ನನ್ನು ಅವ್ವಾ ಎಂದಾಗಲಿ ತಂಗಿ ಎಂದಾಗಲಿ ಒಮ್ಮೆಯೂ ಕರೆದಿರಲಿಲ್ಲ.

ಅವರ ಸಕ್ಕರೆ ಕಾಯಿಲೆ ಹತೋಟಿಗೆ ಬರುವವರೆಗೆ ಡಾಕ್ಟರು ಕಾಯಲು ಹೇಳಿದರು. ಮಾವನವರು ದಿನವಿಡೀ ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಅವರಿಗೆ ಕಾಣುತ್ತಿದ್ದುದು ಮಬ್ಬು ಬೆಳಕು, ಅದರೊಳಗೆ ಅಲುಗುವ ಹಸಿರು-ಕೆಂಪು ಅಷ್ಟೆ. ಅದೇನು ಹೂವೇನು ಎಂದು ಗಾಜಿಗೆ ಕೇಳಿದರು. ಹೂವೇ ಅಂದುಕೊಳ್ಳಿ, ನೀರಿನೊಳಗೆ ಅರಳುತ್ತದೆ, ಮುದುಡುತ್ತದೆ ಎಂದೆ. ಅವರ ಮುಖ ಅರಳಿದ್ದು ಕಂಡು ನನಗೆ ಉಪಾಯ ಹೊಳೆಯಿತು.

"ಮಾವಾರ, ಆಪರೇಷನ್ ಮಾಡಿಸ್ಕೊಳ್ರಿ. ಪಟ್ಟಿ ಬಿಚ್ಚಿದ ಮ್ಯಾಲ ಮನಿಯಾಗ ಮೊದ್ಲು ಈ ಹೂವ ತೋರಸ್ತೀನಿ."

ಅವರು ಇನ್ನಷ್ಟು ಮುಂದಕ್ಕೆ ಬಾಗಿ, ಗಾಜಿಗೆ ಹೇಳಿದರು: "ಹಂಗಂದ್ರ ಮಾಡಿಸೂದ. ಹೂವ ನೋಡೂಣು."

ಮಗ ಅಂಗಲಾಚಿದರೂ ಒಪ್ಪದ ಮನುಷ್ಯ ಹೂವಿಗೆ ಒಪ್ಪಿದರು. ನಾನು ಗೆದ್ದೆನೆಂದು ಬೀಗಿದೆ. ಆ ಹೂವು ಅವರ ಧೈರ್ಯವಾಗಿ ಕೂತುಬಿಟ್ಟಿತು. ಊರಿನಿಂದ ಫೋನು ಬಂದರೆ, ಕಣ್ಣು ಬಂದ ಮೇಲೆ ಸೊಸೆ ಏನೋ ತೋರಿಸುತ್ತಾಳಂತೆ ಎಂದು ಹೇಳುತ್ತಿದ್ದರು. ಅದನ್ನು ಒಳಗಿನಿಂದ ಕೇಳಿ ನನಗೆ ಖುಷಿಯಾಗುತ್ತಿತ್ತು.

ಪಾಚಿ ಶುರುವಾದದ್ದು ಆಗಲೇ. ಮೊದಲು ಕಲ್ಲಿನ ಹಿಂಬದಿಗೆ ಹಸಿರು ಧೂಳು ಬಿದ್ದಂತೆ ಕಂಡಿತು. ಬೆರಳಿನಿಂದ ಉಜ್ಜಿದರೆ ಹೋದೀತೆಂದು ಬಿಟ್ಟೆ. ನೋಡನೋಡುತ್ತ ಅದು ಎಳೆ ಬಿಟ್ಟಿತು, ಎಳೆ ಕೂದಲಾಯಿತು, ಕೂದಲು ಜಡೆಯಾಯಿತು. ಗುಂಡಿ ಗುಂಡಿಗಳ ಸಂದಿನಲ್ಲಿ ಬೇರೂರಿ ಮೇಲೆ ಹರಡಿಕೊಂಡಿತು. ಪಾಚಿ ಮುಚ್ಚಿದ ಹವಳ ಅರಳುವುದಿಲ್ಲ. ಅರಳದಿದ್ದರೆ ಬೆಳಕು ಸಿಗುವುದಿಲ್ಲ, ಬೆಳಕಿಲ್ಲದೆ ಒಳಗೊಳಗೇ ಕರಗುತ್ತದೆ. ಚಿಮಟಿಗೆಯಿಂದ ಕೀಳಲು ಹೋದೆ. ಒಂದು ಎಳೆ ಕಿತ್ತರೆ ತುಂಡುಗಳು ನೀರಿನಲ್ಲಿ ತೇಲಿ ನಾಲ್ಕು ಕಡೆ ಹೋಗಿ ಕೂರುತ್ತಿದ್ದವು. ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕಿದೆ. ಕಲ್ಲು ಎರಡು ದಿನ ಮುಖ ತೊಳೆದಂತೆ ಕಂಡು ಮೂರನೆಯ ದಿನ ಮತ್ತೆ ಗಡ್ಡ ಬಿಟ್ಟಿತು.

ಹೈದರಾಬಾದಿನ ಅಂಗಡಿಯವರು ತೆಲುಗು ಬೆರೆತ ಕನ್ನಡದಲ್ಲಿ ಸಮಾಧಾನ ಹೇಳಿದರು. ಪಾಚಿಯ ಜೊತೆ ಜಗಳ ಆಡಬೇಡಿ, ಅದಕ್ಕೆ ಊಟ ಎಲ್ಲಿಂದ ಸಿಗುತ್ತಿದೆ ನೋಡಿ ಎಂದರು. ನೋಡಿದೆ. ನೀರು ಶುದ್ಧ ಮಾಡುವ ಯಂತ್ರದ ಫಿಲ್ಟರ್ ಸವೆದುಹೋಗಿತ್ತು. ಕಾಲುವೆಯ ನೀರು, ಅದಕ್ಕೆ ಇಳಿದ ಗದ್ದೆಯ ಗೊಬ್ಬರ, ಎಲ್ಲವೂ ಸಣ್ಣಗೆ ತೊಟ್ಟಿಗೆ ಸೇರುತ್ತಿತ್ತು. ಭತ್ತ ಬೆಳೆಸಿದ ಗೊಬ್ಬರವೇ ನಮ್ಮ ಮನೆಯಲ್ಲಿ ಪಾಚಿ ಬೆಳೆಸಿತ್ತು. ಫಿಲ್ಟರ್ ಬದಲಿಸಿದೆ. ಮೀನಿಗೆ ಹಾಕುವ ಕಾಳು ಅರ್ಧ ಮಾಡಿದೆ, ದೀಪ ಉರಿಸುವ ಹೊತ್ತು ಕಡಿಮೆ ಮಾಡಿದೆ. ಆಮೇಲೆ ನನ್ನ ಕಸುಬಿನ ಬುದ್ಧಿ ಓಡಿಸಿದೆ. ಗಾಯ ತೊಳೆಯುವಾಗ ನೊರೆ ಬರುವ ಔಷಧಿ ಇರುತ್ತದಲ್ಲ, ಅದನ್ನು ಬೇರೊಂದು ಬೋಗುಣಿಯ ಉಪ್ಪುನೀರಿನಲ್ಲಿ ಅಳತೆಯಾಗಿ ಬೆರೆಸಿ, ಹವಳದ ಕಲ್ಲನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವುದು. ಅಂಗಡಿಯವರೂ ಹೌದು, ಹಾಗೆ ಮಾಡುತ್ತಾರೆ ಅಂದರು. ಕೈಗವಸು, ಕನ್ನಡಕ ಹಾಕಿ ಕೂತು ಅದ್ದಿದೆ. ಪಾಚಿಯ ಮೈಯಿಂದ ಗುಳ್ಳೆ ಎದ್ದವು. ಮಾವನವರು ಕಂಬಕ್ಕೆ, ಹೂವಿಗೂ ಡ್ರೆಸ್ಸಿಂಗ್ ಮಾಡತಾರಂತ ಇವತ್ತ ಗೊತ್ತಾತು ಅಂದರು.

ಪಾಚಿ ಸೋಲತೊಡಗಿತ್ತು. ಕಲ್ಲಿನ ಒಂದು ಮಗ್ಗುಲು ಬಿಳುಚಿ ಉದುರುತ್ತಿತ್ತು, ಅಲ್ಲಿನ ಗುಂಡಿಗಳು ಅಂಜುತ್ತ ಕಣ್ಣು ಬಿಡುತ್ತಿದ್ದವು. ಆದರೆ ನಿಧಾನ. ಇತ್ತ ಮಾವನವರ ಸಕ್ಕರೆ ಇಳಿದು ಆಪರೇಷನ್ನಿನ ದಿನ ಗೊತ್ತಾಯಿತು. ಇನ್ನೊಂದಿಷ್ಟು ದಿನ ಸಿಕ್ಕಿದ್ದರೆ ಎಂದು ನಾನು ಚಡಪಡಿಸಿದೆ. ಡ್ಯೂಟಿಗೆ ಹೋಗುವ ಮುಂಚೆ ನೋಡುತ್ತಿದ್ದೆ, ಬಂದ ಕೂಡಲೇ ಚಪ್ಪಲಿ ಬಿಡದೆ ನೋಡುತ್ತಿದ್ದೆ. ಹಾಳು ಪಾಚಿ, ಇದರ ವಂಶ ನಿರ್ವಂಶ ಆಗಲಿ ಎಂದು ಗಟ್ಟಿಯಾಗಿಯೇ ಬೈಯುತ್ತಿದ್ದೆ. ಮಾವನವರು ಕೇಳಿಸಿಕೊಳ್ಳುತ್ತಿದ್ದರು.

ಆಪರೇಷನ್ನಿನ ದಿನ ಬೆಳಿಗ್ಗೆ ಆಟೋ ಬಂದು ನಿಂತಿತ್ತು. ಗಂಡ ಅವರನ್ನು ಬಸ್‌ಸ್ಟ್ಯಾಂಡಿಗೆ, ಅಲ್ಲಿಂದ ಕೊಪ್ಪಳಕ್ಕೆ ಕರೆದೊಯ್ಯುವವರಿದ್ದರು. ಮಾವನವರು ಹೊಸ್ತಿಲಲ್ಲಿ ತಿರುಗಿ, ನೀರಿನ ಮುಂದ ಒಂದು ಚೂರು ನಿಂತು ಬರತೀನಿ ಎಂದು ಬಾಗಿಲಿಗೆ ಹೇಳಿ ಒಳಗೆ ಹೋದರು. ಕೈ ಮುಗಿದು ಬರಲು ಹೋದರೆಂದುಕೊಂಡು ನಾನು ಬ್ಯಾಗು ಆಟೋದಲ್ಲಿ ಇಡಲು ಹೊರಗೆ ಬಂದೆ. ಅವರು ಹಗುರಾಗಿ ಬಂದು ಕೂತರು. ಈ ಸಲ ಓಡಿಹೋಗುವ ಲಕ್ಷಣವಿರಲಿಲ್ಲ.

ಮಧ್ಯಾಹ್ನ ಡ್ಯೂಟಿ ಮುಗಿಸಿ ಬಂದು ಬಾಗಿಲು ತೆರೆದಾಗ ಮೊದಲು ಕಂಡದ್ದು ಶಂಖದ ಹುಳುಗಳು. ಎಲ್ಲವೂ ತಳಕ್ಕೆ ಬಿದ್ದು ಬಾಯಿ ಮೇಲೆ ಮಾಡಿದ್ದವು. ಮೀನುಗಳು ಮೂಲೆಯಲ್ಲಿ ಏದುಸಿರು ಬಿಡುತ್ತಿದ್ದವು. ಹವಳದ ಒಂದೇ ಒಂದು ಗುಂಡಿ ಅರಳಿರಲಿಲ್ಲ. ಬೆಳಿಗ್ಗೆ ಅರಳಿದ್ದವೂ ಮೊಳೆಯ ತಲೆಯಷ್ಟಾಗಿ ಮುದುಡಿ ಮೈತುಂಬ ಲೋಳೆ ಸುರಿಸುತ್ತಿದ್ದವು. ಕರೆಂಟು ಇತ್ತು, ಪಂಪು ಓಡುತ್ತಿತ್ತು, ನೀರು ಬಿಸಿಯಾಗಿರಲಿಲ್ಲ. ಏನಾಯಿತೆಂದು ತಿಳಿಯದೆ ತೊಟ್ಟಿಯ ಸುತ್ತ ತಿರುಗಿದೆ. ಹಿಂದೆ, ಪಂಪಿನಿಂದ ನೀರು ಬೀಳುವ ಕೊಳವೆಯ ಬಾಯಿಗೆ ಏನೋ ಬೆಳ್ಳಗೆ ತೂಗಾಡುತ್ತಿತ್ತು.

ಧೋತರದ ಅಂಚು ಹರಿದು ಕಟ್ಟಿದ ಪುಟ್ಟ ಗಂಟು. ಕೈಗವಸು ಹಾಕಿ ಹೊರಗೆ ತೆಗೆದೆ. ಕೈಗವಸಿನ ಮೇಲೆ ನೀಲಿ ಇಳಿಯಿತು.

ಬಿಚ್ಚಿ ನೋಡಬೇಕಾಗಿರಲಿಲ್ಲ. ಕಾಲುವೆ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು, ಅದು ಮೈಲುತುತ್ತ. ನಾಟಿ ಮಾಡಿದ ಗದ್ದೆಯಲ್ಲಿ ಪಾಚಿ ಕಟ್ಟಿದರೆ ಮೈಲುತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರು ಬರುವ ಬಾಯಿಗೆ ಇಡುತ್ತಾರೆ. ನೀರು ಅದನ್ನು ತೊಳೆಯುತ್ತ ಗದ್ದೆಯೆಲ್ಲ ಸುತ್ತುತ್ತದೆ, ಪಾಚಿ ಸಾಯುತ್ತದೆ, ಭತ್ತ ಉಳಿಯುತ್ತದೆ. ಮಾವನವರು ನಮ್ಮ ತೊಟ್ಟಿಗೂ ನೀರು ಬರುವ ಬಾಯಿ ಯಾವುದೆಂದು ಮಬ್ಬುಗಣ್ಣಿನಲ್ಲೇ ತಡಕಾಡಿ ಹುಡುಕಿ, ಅಲ್ಲಿಗೇ ಕಟ್ಟಿ ಹೋಗಿದ್ದರು. ಮೈಲುತುತ್ತವೆಂದರೆ ತಾಮ್ರ. ಹವಳಕ್ಕೂ ಶಂಖದ ಹುಳುವಿಗೂ ತಾಮ್ರಕ್ಕಿಂತ ದೊಡ್ಡ ಯಮನಿಲ್ಲ ಎಂದು ಅಂಗಡಿಯವರು ಮೊದಲ ದಿನವೇ ಹೇಳಿದ್ದರು. ಅದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಬೇಕಾದ ಪ್ರಸಂಗ ಬಂದಿರಲಿಲ್ಲ. ಮೀನಿನ ತೊಟ್ಟಿಗೆ ತಾಮ್ರ ಹಾಕುವವರು ಯಾರಿದ್ದಾರೆ?

ಸಿಟ್ಟಿಗೆ ಪುರಸೊತ್ತಿರಲಿಲ್ಲ. ಅಂಗಡಿಯವರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಕೆಲಸಕ್ಕೆ ನಿಂತೆ. ಹವಳವನ್ನು ಆ ನೀರಿನಿಂದ ಮೊದಲು ಹೊರಗೆ ತೆಗೆಯಿರಿ, ಆ ತೊಟ್ಟಿಯ ಕಲ್ಲು ಮರಳು ಎಲ್ಲ ತಾಮ್ರ ಕುಡಿದಿರುತ್ತವೆ, ಮತ್ತೆ ಅದರೊಳಗೆ ಇಡಬೇಡಿ ಎಂದರು. ಉಪ್ಪಿನ ಪಾಕೀಟು ತಳ ಕಂಡಿತ್ತು. ಇದ್ದಷ್ಟರಲ್ಲಿ ಎರಡು ಪ್ಲಾಸ್ಟಿಕ್ ಟಬ್ಬಿಗೆ ನೀರು ಕಲಸಿ, ಕಲ್ಲನ್ನು ಒಮ್ಮೆ ಒಂದರಲ್ಲಿ ತೊಳೆದು, ಇನ್ನೊಂದು ದೊಡ್ಡ ಟಬ್ಬಿಗೆ ಇಳಿಸಿ, ಹಿಂದಿನ ಸಾಮಾನಿನ ಕೋಣೆಗೆ ಒಯ್ದೆ. ಗಾಳಿಯ ಪಂಪು ಹಚ್ಚಿದೆ, ವಿಷ ಹೀರಲೆಂದು ಇದ್ದಿಲ ಪುಡಿಯ ಚೀಲ ಇಳಿಬಿಟ್ಟೆ. ತೊಟ್ಟಿಯ ನೀರನ್ನು ಸಾಧ್ಯವಾದಷ್ಟು ಬದಲಿಸಿದೆ, ಮೀನಾದರೂ ಬದುಕಲಿ ಎಂದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಷ್ಟು ದಿನ ಒಂದೊಂದು ಎಳೆ ಕಿತ್ತು ಉಳಿಸಿಕೊಂಡದ್ದು ಒಂದು ಚಿಟಿಕೆ ನೀಲಿಗೆ ಹೋಗಿತ್ತು.

ಅಷ್ಟರಲ್ಲಿ ಕೊಪ್ಪಳದಿಂದ ಗಂಡನ ಫೋನು. ಆಪರೇಷನ್ ಛಲೋ ಆಯಿತು, ಅಪ್ಪ ಒಂಚೂರೂ ಹೆದರಲಿಲ್ಲ, ಡಾಕ್ಟರ ಮುಂದೆಯೂ ಹೂವಿನ ಸುದ್ದಿಯೇ ಹೇಳಿದ ಎಂದು ಖುಷಿಯಿಂದ ವರದಿ ಕೊಟ್ಟರು. ನಾನು ಮೈಲುತುತ್ತದ ಸುದ್ದಿ ಹೇಳಿದೆ. ಅವರು ಮೆಲ್ಲಗೆ ಹೇಳಿದರು, ಅಪ್ಪ ಹಿಂದಿನ ವಾರವೇ ತಮಗೆ ಈ ಔಷಧ ಹೇಳಿದ್ದರಂತೆ, ಸೊಸೆಗೆ ತಿಳಿಸು, ಬೇಡ ಅಂದರೆ ಬಿಡೋಣ ಎಂದಿದ್ದರಂತೆ. ಇವರು ಏಣಿಯ ಮೇಲೆ ನಿಂತು ಗಿರಣಿಯವರ ಜೊತೆ ಮಾತಾಡುತ್ತಿದ್ದವರು, ಹೂಂ ಎಂದು ಮರೆತಿದ್ದರು. ಬೇಡ ಎಂಬ ಮಾತು ಬರಲಿಲ್ಲವಾದ್ದರಿಂದ ಸೊಸೆ ಒಪ್ಪಿದ್ದಾಳೆಂದು ಮಾವನವರು ತಿಳಿದಿದ್ದರು. ಊರಿನಿಂದ ತಂದ ಚೀಲದಲ್ಲಿ ಮೈಲುತುತ್ತದ ಹರಳು ಇತ್ತು.

ಆಗ ಬಂತು ನನಗೆ ಸಿಟ್ಟು. ಗಂಡನಿಗೆ ಬೈದೆ, ಗಂಡನ ಏಣಿಗೆ ಬೈದೆ, ಒಂದೇ ಸೂರಿನ ಕೆಳಗಿದ್ದು ಬಾಯಿಗೆ ಬೀಗ ಹಾಕಿಕೊಳ್ಳುವ ರಿವಾಜಿಗೆ ಬೈದೆ. ಮಾವನವರು ನನ್ನನ್ನೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಗಂಡ ಎಲ್ಲ ಕೇಳಿಸಿಕೊಂಡರು.

"ನನಗ ಎಷ್ಟಾರ ಬೈ," ಎಂದರು. "ಅಪ್ಪಗ ಮಾತ್ರ ಈಗ ಹೇಳಬ್ಯಾಡ. ಬಗ್ಗಬಾರ್ದು, ಕೆಮ್ಮಬಾರ್ದು, ಕಣ್ಣಾಗ ನೀರು ತರಬಾರ್ದು ಅಂದಾರ. ಗೊತ್ತಾದ್ರ ಅಂವ ತಡಕೊಳ್ಳೂದಿಲ್ಲ."

ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಹಸಿ ಕಣ್ಣಿನ ಮೇಲೆ ಅಳು ಎಷ್ಟು ಭಾರವೆಂದು. ಹಲ್ಲು ಕಚ್ಚಿ ಹೂಂ ಎಂದೆ.

ಮಾವನವರು ಬರುವಷ್ಟರಲ್ಲಿ ತೊಟ್ಟಿಯ ಮೇಲೆ ಚಾದರ ಹೊದಿಸಿದ್ದೆ. ಪಟ್ಟಿ ಬಿಚ್ಚಿ ಕರಿ ಕನ್ನಡಕ ಹಾಕಿ ಕಳಿಸಿದ್ದರು. ಅವರು ಸೀದಾ ತೊಟ್ಟಿಯ ಮುಂದೆಯೇ ಬಂದು ನಿಂತರು. ತೊಟ್ಟಿಯ ದೀಪದ ನೀಲಿ ಬೆಳಕು ಹೊಸ ಕಣ್ಣಿಗೆ ಜೋರಾಗುತ್ತದೆ, ಸ್ವಲ್ಪ ದಿನ ಬೇಡ ಎಂದೆ. ಅವರು ಚಾದರಕ್ಕೆ, ಆಗಲಿ ಎಂದರು.

ದಿನಕ್ಕೆ ಹಲವು ಸಲ ಕಣ್ಣಿಗೆ ಹನಿ ಹಾಕುವ ಕೆಲಸ ನನ್ನದೇ. ಅವರ ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆ ಎಳೆದು ಹನಿ ಬಿಡಬೇಕು. ಗೇಣು ದೂರದಿಂದ ಆ ಹೊಸ ಕಣ್ಣು ನನ್ನನ್ನೇ ನೋಡುತ್ತಿತ್ತು. ಅವರು, ಉರಿತೈತಿ ಎಂದು ಮೇಲಿನ ಜಂತಿಗೆ ಹೇಳುತ್ತಿದ್ದರು. ನಾನು ಬಾಟಲಿಯ ಮೂತಿಯನ್ನೇ ನೋಡುತ್ತಿದ್ದೆ. ನಾನು ಸುಳ್ಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಗೊತ್ತಿಲ್ಲದವಳು. ಆ ದಿನಗಳಲ್ಲಿ ನನ್ನ ಬಾಯಿ ಎಲ್ಲಿ ಜಾರುತ್ತದೋ ಎಂದು ನನಗೇ ದಿಗಿಲಾಗುತ್ತಿತ್ತು. ಹನಿ ಹಾಕಿ ಮುಗಿದದ್ದೇ ಹಿಂದಿನ ಕೋಣೆಗೆ ಓಡುತ್ತಿದ್ದೆ.

ಅಲ್ಲಿ ಟಬ್ಬಿನಲ್ಲಿ ಹವಳ ಸಾಯುತ್ತಿತ್ತು. ದಿನವೂ ಒಂದಷ್ಟು ಗುಂಡಿಗಳು ಕರಗಿ ಲೋಳೆಯಾಗುತ್ತಿದ್ದವು. ಕರಗಿದ್ದನ್ನು ತೆಗೆಯದಿದ್ದರೆ ಪಕ್ಕದವೂ ಕೊಳೆಯುತ್ತವೆ. ಕೈಗವಸು ಹಾಕಿ ಪಿಚಕಾರಿಯಿಂದ ಹೀರಿ ತೆಗೆಯುತ್ತಿದ್ದೆ, ನೀರು ಬದಲಿಸುತ್ತಿದ್ದೆ. ಉಪ್ಪಿನ ಹೊಸ ಪಾರ್ಸಲ್ ಹೈದರಾಬಾದಿನ ಬಸ್ಸಿನಲ್ಲಿ ಬಂತು. ಉಳಿದ ಗುಂಡಿಗಳು ಮುಷ್ಟಿ ಬಿಗಿದಂತೆ ಕೂತೇ ಇದ್ದವು, ಬದುಕಿವೆಯೋ ಸತ್ತಿವೆಯೋ ಹೇಳುತ್ತಿರಲಿಲ್ಲ. ಹೇಮಗುಡ್ಡದ ಅಮ್ಮನಿಗೆ ಉಡಿ ತುಂಬುತ್ತೇನೆಂದು ಹರಕೆಯನ್ನೂ ಹೊತ್ತೆ. ಹವಳಕ್ಕೆ ಹರಕೆ ಹೊತ್ತ ಸೊಸೆಯನ್ನು ಆ ಅಮ್ಮನೂ ಮೊದಲ ಸಲ ಕಂಡಿರಬೇಕು.

ಹೀಗಿರುವಾಗ ಮಾವನವರು ತಾವೇ ಚಾದರ ಸರಿಸಿಬಿಟ್ಟರು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಜೋರಾಗಿ ನಗು ಕೇಳಿ ಓಡಿ ಬಂದೆ. ತೊಟ್ಟಿಯಲ್ಲಿ ಒಂದೆಳೆ ಪಾಚಿ ಇರಲಿಲ್ಲ. ತಾಮ್ರ ತನ್ನ ಕೆಲಸ ಮಾಡಿತ್ತು. ಬೋಳು ಕಲ್ಲು, ತಿಳಿನೀರು, ಅದರಲ್ಲಿ ಸಾವು ಗೆದ್ದ ಎರಡು ಮೀನು.

"ಹೋತು ನೋಡು ಪಾಚಿ," ಎಂದು ಅವರು ಗೋಡೆಗೆ ಹೇಳಿದರು. "ಅಂತೂ ನನ್ನ ಗಂಟು ಉಪಯೋಗಕ್ಕ ಬಂತು."

ನನ್ನ ಕೈಯಲ್ಲಿ ಹಿಟ್ಟು ಮೆತ್ತಿಕೊಂಡಿತ್ತು. ಅದನ್ನು ಉಜ್ಜುತ್ತ ನಿಂತೆ. ಮುಖದ ಮೇಲಿನ ಆ ಹೆಮ್ಮೆಯನ್ನು ನೋಡಿದರೆ ಕಪಾಳಕ್ಕೆ ಹೊಡೆಯುವಷ್ಟು ಸಿಟ್ಟೂ ಬರುತ್ತಿತ್ತು, ಅಯ್ಯೋ ಪಾಪ ಎಂದೂ ಅನ್ನಿಸುತ್ತಿತ್ತು. ಹೂವು ಎಲ್ಲಿ ಎಂದು ಅವರು ಗಾಜಿಗೆ ಕೇಳಿದರು. ಕಲ್ಲು ತೊಳೆದು ಹಿಂದೆ ಇಟ್ಟಿದ್ದೇನೆ, ಇನ್ನೂ ಅರಳಿಲ್ಲ, ಅರಳಿದ ದಿನ ನಾನೇ ಕರೆದು ತೋರಿಸುತ್ತೇನೆ ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಆದರೂ ಅಷ್ಟು ದೊಡ್ಡ ಸುಳ್ಳನ್ನು ನಾನು ಎಂದೂ ಆಡಿರಲಿಲ್ಲ.

ಅಂದಿನಿಂದ ಅವರನ್ನು ನೋಡಲು ಬಂದವರಿಗೆಲ್ಲ ತೊಟ್ಟಿಯ ಮುಂದೆ ಕಥೆ. ಊರಿನಿಂದ ನಮ್ಮ ಭಾವ, ಅಂದರೆ ಗಂಡನ ಅಣ್ಣ, ಬಂದಾಗ ಅಪ್ಪ-ಮಗ ಇಬ್ಬರೂ ಏನೋ ಪಿಸಪಿಸ ಮಾತಾಡಿದರು. ಭಾವ ಹೋಗುವಾಗ ಅಪ್ಪನ ಕೈಗೆ ಕಾಗದದ ಪುಡಿಕೆ ಕೊಟ್ಟದ್ದು ಕಂಡೆ. ಎಲೆ-ಅಡಿಕೆ ಇರಬೇಕೆಂದು ಸುಮ್ಮನಾದೆ.

ಡಾಕ್ಟರು ಹೇಳಿದ ಪಥ್ಯದ ದಿನಗಳು ಕಳೆದವು. ಕೊಪ್ಪಳಕ್ಕೆ ಹೋಗಿ ತೋರಿಸಿಕೊಂಡು ಬಂದರು, ಗಾಯ ಚೆನ್ನಾಗಿ ಮಾಯ್ದಿದೆ ಎಂದರು. ಅದರ ಮರುದಿನ ಬೆಳಿಗ್ಗೆ ಹಿಂದಿನ ಕೋಣೆಯ ದೀಪ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಟಬ್ಬಿಗೆ ಬಗ್ಗಿದವಳು ಹಾಗೇ ನಿಂತೆ. ಕಲ್ಲಿನ ಒಂದು ಮೂಲೆಯಲ್ಲಿ ಹಸಿರು ಅಂಚು ಬಿಚ್ಚಿತ್ತು. ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಅರ್ಧ ತೆರೆದದ್ದು. ಒಂದು ಹಿಡಿಯಷ್ಟೂ ಇಲ್ಲ. ಬದುಕಿದ್ದವು. ನನಗೆ ಅಲ್ಲೇ ಅಳು ಬಂತು. ಕಣ್ಣೊರೆಸಿಕೊಂಡು, ಮಾವನವರನ್ನು ಕರೆಯೋಣ, ಮುಖ ತೊಳೆದು ಬಂದೇ ಕರೆಯೋಣ ಎಂದು ಬಚ್ಚಲಿಗೆ ಹೋದೆ.

ಬರುವಷ್ಟರಲ್ಲಿ ಅವರು ಕೋಣೆಯಲ್ಲಿದ್ದರು. ಗಾಳಿಯ ಪಂಪಿನ ಸದ್ದು ಹಿಡಿದು ಬಂದಿರಬೇಕು. ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಕನ್ನಡಕ ತೆಗೆದು, ಬಗ್ಗಿ ನೋಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಹಸರು," ಎಂದು ನೀರಿಗೆ ಹೇಳಿದರು. "ನಡುವ ಕೆಂಪೈತಿ. ಊರ ಅಗಸಿಬಾಗಲ ಮುಂದಿನ ಹೊಲದಾಗ ಸಸಿ ಹಚ್ಚಿದಾಗ ಇದ ಹಸರು ಇರತಿತ್ತು."

ಕೊಟ್ಟ ಮಾತು ಹಾಗೆ ನೆರವೇರಿತು, ನಾನು ತೋರಿಸದೆಯೇ. ಒಂದು ಕ್ಷಣ ಎಲ್ಲ ಸರಿಹೋಯಿತು ಅನ್ನಿಸಿತು. ಆಗ ಅವರು ಇನ್ನೂ ಬಗ್ಗಿದರು. ಕಲ್ಲಿನ ಅಂಚಿಗೆ ಮತ್ತೆ ಹುಟ್ಟಿಕೊಂಡಿದ್ದ ಪಾಚಿಯ ಒಂದು ಎಳೆಯನ್ನು ಹೊಸ ಕಣ್ಣು ಹಿಡಿದಿತ್ತು.

"ಇಲ್ಲೂ ಬಂದೈತಿ," ಎನ್ನುತ್ತ ಅಂಗಿಯ ಕಿಸೆಗೆ ಕೈ ಹಾಕಿದರು. ಹೊರಗೆ ಬಂದದ್ದು ಭಾವ ಕೊಟ್ಟ ಪುಡಿಕೆಯಲ್ಲ, ಅದರಿಂದ ಆಗಲೇ ಕಟ್ಟಿಟ್ಟುಕೊಂಡ ಗಂಟು. ಗಂಟು ಹಿಡಿದ ಕೈಯನ್ನು ಟಬ್ಬಿನ ಮೇಲೆ ಚಾಚಿದರು. ಇನ್ನೊಂದು ಬರಿಗೈಯ ಬೆರಳು ಪಾಚಿಯ ಎಳೆಯತ್ತ, ಹವಳದ ಲೋಳೆಯತ್ತ ಇಳಿಯುತ್ತಿತ್ತು. ಅದೇ ಬೆರಳಿನಿಂದ ಆಗಾಗ ಕಣ್ಣಿನ ಮೂಲೆ ಒತ್ತಿಕೊಳ್ಳುವುದು ಅವರ ಚಟ, ಎಷ್ಟು ಸಲ ಬೇಡವೆಂದಿದ್ದೆ.

ಹೇಗೆ ಹಾರಿ ಹೋದೆನೋ ಗೊತ್ತಿಲ್ಲ. ಅವರ ಎರಡೂ ಮುಂಗೈ ನನ್ನ ಕೈಯಲ್ಲಿದ್ದವು.

"ಬ್ಯಾಡ್ರಿ ಮಾವಾರ. ಅದರ ಲೋಳಿ ವಿಷ, ಕಣ್ಣು ಹೋಗತೈತಿ. ಗಂಟೂ ಬ್ಯಾಡ್ರಿ. ಉಳಿದ ಹೂವೆಲ್ಲಾ ಸತ್ತದ್ದು ಆ ಗಂಟಿನಿಂದನ."

ಬಾಯಿಂದ ಹೊರಟ ಮೇಲೆ ಮಾತು ಯಾರದು? ಅವರು ಕಲ್ಲು ನೋಡಿದರು. ಕಲ್ಲಿನ ತುಂಬ ಗುಂಡಿಗಳು ಕಿತ್ತುಹೋದ ಬಿಳಿ ಕಲೆ, ಒಂದು ಮೂಲೆಗೆ ಉಳಿದ ಹಸಿರು. ಈಗ ಎಲ್ಲವೂ ಅವರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೈಯಲ್ಲಿದ್ದ ಗಂಟನ್ನು ನೋಡಿಕೊಂಡರು. ನಾನು ಅವರನ್ನು ಮೆಲ್ಲಗೆ ಎಬ್ಬಿಸಿ, ನೀರಿಗೆ ಕೈ ತಾಕಿರಲಿಲ್ಲವಾದರೂ, ಬಚ್ಚಲಿಗೆ ಕರೆದೊಯ್ದು ಸೋಪು ಹಚ್ಚಿ ಎರಡೂ ಕೈ ತೊಳೆಸಿದೆ. ಗಂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮೇಲೆ ಹಲಗೆಯ ಮೇಲಿಟ್ಟೆ. ಅವರು ಮಗುವಿನಂತೆ ಕೈ ಕೊಟ್ಟುಕೊಂಡು ನಿಂತಿದ್ದರು.

ಒರೆಸಿ ಮುಗಿಸಿದಾಗ ಅವರು ಗೋಡೆಯ ಕಡೆ ತಿರುಗಲಿಲ್ಲ, ಬಾಗಿಲ ಕಡೆ ತಿರುಗಲಿಲ್ಲ. ನನ್ನ ಮುಖ ನೋಡಿದರು.

"ಯವ್ವಾ," ಎಂದರು. "ಅವತ್ತ ಯಾಕ ಬೈಲಿಲ್ಲ ನನಗ? ನೀ ಎಲ್ಲಾರಿಗೂ ಬೈತಿ."

"ಕಣ್ಣಾಗ ನೀರು ತರಬಾರ್ದು ಅಂತ ಡಾಕ್ಟರ್ ಹೇಳಿದ್ರು ರೀ."

ಅವರು ತಲೆಯಾಡಿಸಿದರು. ಕೋಣೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು.

"ಈಗ ನೀರು ಬಂದ್ರ ನಡೀತೈತೇನವ್ವಾ?"

ನಡೆಯುತ್ತದೆ ಎಂದೆ. ಕೈಯಿಂದ ಮಾತ್ರ ಉಜ್ಜಿಕೊಳ್ಳಬೇಡಿ ಎಂದು ಡಬ್ಬಿಯಿಂದ ಹತ್ತಿ ತೆಗೆದುಕೊಟ್ಟೆ.